ಸ್ಲೇಟಿಗೆ ಇಟ್ಟ ಕುಂಕುಮ

ಪುಸ್ತಕದ ವಾಸನೆ ಎಂದರೆ ಪ್ರಾಣ ಎನ್ನುವವರನ್ನು ಕಂಡಾಗ ನನಗೆ ಮೊದಲು ಅನುಮಾನ ಬರುವುದು ಅವರ ಮೂಗಿನ ಮೇಲೆ. ನಾನು ಶಾಲೆಯಲ್ಲಿ ಓದಿದ್ದು ನಾಲ್ಕನೇ ಕ್ಲಾಸಿನವರೆಗೆ, ಆಮೇಲೆ ಓದಿದ್ದೆಲ್ಲ ಬಾಡಿಗೆ ಪುಸ್ತಕ. ಹಾಗಾಗಿ ಪುಸ್ತಕದ ವಾಸನೆ ನನಗೆ ಗೊತ್ತಿರುವಷ್ಟು ದೊಡ್ಡ ದೊಡ್ಡ ಪಂಡಿತರಿಗೂ ಗೊತ್ತಿರಲಿಕ್ಕಿಲ್ಲ. ಜಿರಲೆ, ನಶ್ಯ, ಯಾರದೋ ಮನೆಯ ಬೆಳ್ಳುಳ್ಳಿ ಒಗ್ಗರಣೆ, ಇನ್ಯಾರದೋ ಮನೆಯ ತೊಟ್ಟಿಲ ಮಗು, ಇವೆಲ್ಲ ಸೇರಿದರೆ ಪುಸ್ತಕದ ವಾಸನೆ. ಅದನ್ನು ಮೂಸಿ ಕಣ್ಣು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ, ನನಗೆ ಓದಲಿಕ್ಕೆ ಕಣ್ಣು ಬೇಕು. ಪುಸ್ತಕದಿಂದ ನನಗೆ ಬೇಕಾದದ್ದು ಒಂದೇ ಒಂದು ಸಂಗತಿ: ಯಾರು ಕೊಂದರು? ಪ್ರೀತಿ ಪ್ರೇಮದ ಕಥೆ ನನಗೆ ಬೇಡ, ಅವರು ಮದುವೆಯಾದರೂ ಗೋಳು, ಆಗದಿದ್ದರೂ ಗೋಳು. ನೀತಿಯ ಪುಸ್ತಕವೂ ಬೇಡ, ಬುದ್ಧಿ ಹೇಳುವವರಿಗೆ ಮನೆಯಲ್ಲೇ ಕೊರತೆಯಿಲ್ಲ. ಕೊಲೆಯ ಕಥೆಯಾದರೆ ಮೊದಲನೇ ಪುಟದಲ್ಲೇ ಒಬ್ಬ ಸತ್ತು ಬಿದ್ದಿರುತ್ತಾನೆ. ಕಾಲಹರಣ ಇಲ್ಲ.

ಬಾಡಿಗೆ ಪುಸ್ತಕದಲ್ಲಿ ಇಷ್ಟು ಕೊಲೆಗಳನ್ನು ಓದಿಯೂ ಕೊಲೆಗಾರ ಯಾರೆಂದು ನಾನಾಗಿ ಓದಿ ತಿಳಿದುಕೊಂಡದ್ದು ಒಂದು ಸಲವೂ ಇಲ್ಲ ಎಂದರೆ ನೀವು ನಂಬುವುದಿಲ್ಲ. ಅದಕ್ಕೆ ಕಾರಣ ನನ್ನ ಅಕ್ಕ ಗಿರಿಜಕ್ಕ. ಹೊಳಲೂರಿನ ತವರುಮನೆಯಲ್ಲಿ ನಾವಿಬ್ಬರೂ ಲಂಗ ಉಟ್ಟುಕೊಂಡು ಓಡಾಡುತ್ತಿದ್ದ ಕಾಲದಿಂದಲೂ ಪುಸ್ತಕ ಮೊದಲು ಅವಳ ಕೈಗೆ, ಆಮೇಲೆ ನನ್ನ ಕೈಗೆ. ಹಿರಿಯಳಲ್ಲವೇ! ಈಗ ಅವಳಿರುವುದು ಭದ್ರಾವತಿಯ ಜನ್ನಾಪುರದಲ್ಲಿ, ನಾನಿರುವುದು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಮಗನ ಮನೆಯಲ್ಲಿ. ಭದ್ರಾವತಿಯಲ್ಲಿ ಇನ್ನೂ ಉಸಿರಾಡುತ್ತಿರುವ ಒಂದು ಬಾಡಿಗೆ ಪುಸ್ತಕದಂಗಡಿಯಿಂದ ಅಕ್ಕ ಪುಸ್ತಕ ತರುತ್ತಾಳೆ, ಓದುತ್ತಾಳೆ, ಬಸ್ಸು ಹತ್ತಿ ಬಂದು ನನಗೆ ಕೊಡುತ್ತಾಳೆ. ಅಷ್ಟೇ ಮಾಡಿದ್ದರೆ ಅವಳಿಗೆ ನಾನೇ ಆರತಿ ಎತ್ತುತ್ತಿದ್ದೆ. ಆದರೆ ಅಕ್ಕ ಪುಸ್ತಕವನ್ನು ಕೊನೆಯ ಪುಟದಿಂದ ಶುರುಮಾಡುವವಳು. ಯಾಕೆ ಎಂದು ಕೇಳಿದರೆ, "ಅಲ್ಲಾ ಕಣೇ, ಕೊಲೆ ಮಾಡ್ದೋನು ಯಾರು ಅಂತ ಗೊತ್ತಿಲ್ದೆ ಅಷ್ಟು ಜನದ ಜೊತೆ ಆ ಮನೆಯೊಳಗೆ ಹೆಂಗೆ ಓಡಾಡೋದು? ಹೆದ್ರಿಕೆ ಆಗಲ್ವಾ?" ಎನ್ನುತ್ತಾಳೆ. ಓದಿಕೊಳ್ಳಲಿ, ಅವಳ ಹೆದರಿಕೆ ಅವಳಿಗೆ. ಆದರೆ ಪುಸ್ತಕ ನನ್ನ ಕೈಗಿಡುವಾಗ ಬಾಯಿ ಸುಮ್ಮನಿರಬೇಕಲ್ಲ! "ತಗೋ ಸಾವಿತ್ರಿ, ಚೆನ್ನಾಗಿದೆ. ಆ ಮಾವ ಇದಾನಲ್ಲ, ದೇವರಂಥ ಮನುಷ್ಯನ ಹಂಗೆ ಕಾಣ್ತಾನೆ ನೋಡು, ಅವನೇ." ಆಮೇಲೆ ನಾನು ಓದುವುದೇನಿದೆ, ಉತ್ತರಕ್ರಿಯೆ! "ಹೇಳಬೇಡ ಅಕ್ಕ" ಎಂದು ನಾನು ಕೈಮುಗಿಯದ ಪುಸ್ತಕವಿಲ್ಲ. ಅವಳು ಹೇಳದೆ ಬಿಟ್ಟ ಕೊಲೆಗಾರನಿಲ್ಲ.

ಹೀಗಿರುವಾಗ ನನ್ನ ಮಗ ಮಂಜುನಾಥನಿಗೆ ಆಫೀಸಿನ ಯಾವುದೋ ಚೀಟಿ ಎತ್ತುವ ಆಟದಲ್ಲಿ ಒಂದು ಇ-ರೀಡರ್ ಬಹುಮಾನ ಬಂತು. ಅವನು ಕರೆಂಟ್ ಬಿಲ್ಲನ್ನು ಬಿಟ್ಟರೆ ಏನನ್ನೂ ಓದುವವನಲ್ಲ. "ಅಮ್ಮಾ, ಇದರೊಳಗೆ ಸಾವಿರ ಪುಸ್ತಕ ಹಿಡಿಯುತ್ತೆ" ಎಂದು ನನ್ನ ಮಡಿಲಿಗೆ ಹಾಕಿದ. ನೋಡಿದರೆ ಸ್ಲೇಟು! ಅದೇ ಕಪ್ಪು, ಅದೇ ಅಗಲ, ಕಟ್ಟಿಗೆಯ ಅಂಚು ಒಂದಿಲ್ಲ. ಯಾವ ಸ್ಲೇಟನ್ನು ನಾಲ್ಕನೇ ಕ್ಲಾಸಿನಲ್ಲಿ ಬಿಟ್ಟು ಬಂದಿದ್ದೆನೋ ಅದು ಮೊಮ್ಮಕ್ಕಳ ಕಾಲಕ್ಕೆ ಹುಡುಕಿಕೊಂಡು ಬಂದಿತ್ತು. ಅಭ್ಯಾಸಬಲದಿಂದ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಹಾಳೆ ತಿರುವಲು ಹೋದೆ, ಸೊಸೆ ಶೋಭಾ "ಅಯ್ಯೋ ಅತ್ತೆ, ಎಂಜಲು!" ಎಂದು ಕಿರುಚಿದಳು. ಎಂಜಲಿನ ಅಗತ್ಯವೇ ಇರಲಿಲ್ಲ. ಬಲಗಡೆ ಸುಮ್ಮನೆ ಬೆರಳು ತಾಗಿಸಿದರೆ ಸಾಕು, ಪುಟ ತಾನೇ ಮುಂದಕ್ಕೆ ಹೋಗುತ್ತದೆ.

ಕಾಗದದ ಪುಸ್ತಕವೋ ಸ್ಲೇಟೋ ಎಂದು ಈಗ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇದೆ. ಜಿರಲೆ ಹೊಡೆಯಲು ಕಾಗದದ ಪುಸ್ತಕವೇ ವಾಸಿ. ಹಾಲಿನ ಪಾತ್ರೆ ಮುಚ್ಚಲು, ಅಲುಗಾಡುವ ಮಂಚದ ಕಾಲಿಗೆ ಒತ್ತು ಕೊಡಲು, ಸೆಕೆಗೆ ಬೀಸಿಕೊಳ್ಳಲು, ಎಲ್ಲಕ್ಕೂ ಅದೇ. ಓದುವುದಕ್ಕೆ ಮಾತ್ರ ಸ್ಲೇಟು. ಮಲಗಿ ಓದುತ್ತ ನಿದ್ದೆ ಬಂದರೆ ದಪ್ಪ ಕಾದಂಬರಿ ಮೂಗಿನ ಮೇಲೆ ಬಿದ್ದು ಕಣ್ಣಲ್ಲಿ ನೀರು ಬರಿಸುತ್ತದೆ. ಸ್ಲೇಟು ಬಿದ್ದರೆ ಹಲ್ಲಿ ಬಿದ್ದಷ್ಟೇ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ನಾನು ಎಷ್ಟು ದೊಡ್ಡದು ಮಾಡಿಕೊಂಡೆನೆಂದರೆ ಒಂದು ಪುಟಕ್ಕೆ ನಾಲ್ಕೈದು ಸಾಲು, ಬಾಗಿಲಲ್ಲಿ ನಿಂತ ಹಾಲಿನವನೂ ಓದಬಹುದು. ಎಲ್ಲಕ್ಕಿಂತ ಹೆಚ್ಚಿನದು, ಬಾಡಿಗೆ ಪುಸ್ತಕದ ಹಾಗೆ ನನಗಿಂತ ಮೊದಲು ಓದಿದ ಮಹಾನುಭಾವರು ಅಂಚಿನಲ್ಲಿ ಪೆನ್ಸಿಲಿನಿಂದ "ಇವನೇ ಕೊಲೆಗಾರ, ಹುಷಾರ್" ಎಂದು ಬರೆದಿಟ್ಟಿರುವುದಿಲ್ಲ. ಅಕ್ಕನ ಕೈ ದಾಟಿ ಬಂದದ್ದಲ್ಲ ಎಂಬುದೇ ನನಗೆ ಸ್ಲೇಟಿನ ದೊಡ್ಡ ಗುಣ.

ದಸರಾ ಹತ್ತಿರ ಬಂದಾಗ ಅಕ್ಕ ಫೋನ್ ಮಾಡಿ, "ಒಂದು ಭಾರೀ ಪುಸ್ತಕ ಸಿಕ್ಕಿದೆ ಕಣೇ. ಕಾಫಿ ತೋಟದ ಯಜಮಾನ, ಒಳಗಿಂದ ಬೀಗ ಹಾಕಿದ ಕೋಣೆಲಿ ಸತ್ತು ಬಿದ್ದಿದಾನೆ. ಹಬ್ಬಕ್ಕೆ ಬರ್ತೀನಲ್ಲ, ಆಗ ತರ್ತೀನಿ" ಎಂದಳು. ಪುಸ್ತಕದ ಹೆಸರನ್ನು ಮೆಲ್ಲಗೆ ಕೇಳಿ ತಿಳಿದುಕೊಂಡೆ. ಫೋನ್ ಇಟ್ಟವಳೇ ಮಗನಿಗೆ ಹೇಳಿ ಅದೇ ಪುಸ್ತಕವನ್ನು ಸ್ಲೇಟಿಗೆ ಹಾಕಿಸಿಕೊಂಡೆ. ಅಕ್ಕ ಬಂದು ಬಾಯಿ ಬಿಡುವ ಮೊದಲು ನಾನು ಓದಿ ಮುಗಿಸಬೇಕು. ಅವಳು "ಅವನಿದಾನಲ್ಲ" ಎಂದು ಶುರು ಮಾಡುವಾಗ ನಾನು "ಗೊತ್ತು ಬಿಡು" ಎನ್ನಬೇಕು. ಈ ಒಂದು ಮಾತಿಗಾಗಿ ನಾನು ಬದುಕಿರುವಷ್ಟು ಕಾಲವೂ ಕಾದಿದ್ದೇನೆ. ಅಂದಿನಿಂದ ಅಕ್ಕನ ಫೋನ್ ಬಂದಾಗಲೆಲ್ಲ ಅವಳು "ಆ ಪುಸ್ತಕದಲ್ಲಿ" ಎನ್ನುವಷ್ಟರಲ್ಲಿ, "ಕುಕ್ಕರ್ ಕೂಗ್ತಿದೆ ಅಕ್ಕ, ಇಡ್ತೀನಿ" ಎಂದು ಇಟ್ಟುಬಿಡುತ್ತಿದ್ದೆ. ಅಕ್ಕನಿಗೆ ಕುಕ್ಕರ್ ಎಂದರೇ ಆಗದು, ಅದರಲ್ಲಿ ಬೆಂದ ಅನ್ನಕ್ಕೆ ರುಚಿಯಿಲ್ಲ ಎಂದು ಇವತ್ತಿಗೂ ತಪ್ಪಲೆಯಲ್ಲಿ ಗಂಜಿ ಬಸಿಯುವವಳು. "ನಿಮ್ಮನೇಲಿ ಎಷ್ಟು ಹೊತ್ತಿಗೂ ಕುಕ್ಕರ್ ಕೂಗೋದೇ ಆಯ್ತಲ್ಲೇ ಮಾರಾಯ್ತಿ!" ಎಂದು ಗೊಣಗುತ್ತಿದ್ದಳು.

ಎಲ್ಲ ಸರಿಯಾಗಿ ನಡೆಯುತ್ತಿತ್ತು, ನಡುವೆ ಸರಸ್ವತಿ ಪೂಜೆ ಬಂತು. ನಮ್ಮ ಮನೆಯಲ್ಲಿ ಆ ದಿನ ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿ ಪೂಜೆಗೆ ಇಡುತ್ತೇವೆ. ಇಟ್ಟ ಮೇಲೆ ವಿಜಯದಶಮಿಯ ದಿನ ಕದಲಿಸುವವರೆಗೆ ಯಾರೂ ಓದುವ ಹಾಗಿಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ಇಷ್ಟು ಒಳ್ಳೆಯ ಹಬ್ಬ ಇನ್ನೊಂದಿಲ್ಲ. ನಾನು ಮಧ್ಯಾಹ್ನ ಊಟ ಮುಗಿಸಿ ಬಂದು ನೋಡುತ್ತೇನೆ, ನನ್ನ ಸ್ಲೇಟು ಮಣೆಯ ಮೇಲೆ, ಪಂಚಾಂಗದ ಕೆಳಗೆ!

"ಶೋಭಾ, ಅದನ್ಯಾಕೆ ಅಲ್ಲಿಟ್ಟೆ?"

"ಪುಸ್ತಕ ಅಲ್ವಾ ಅತ್ತೆ?"

"ಅದು ಪುಸ್ತಕ ಅಲ್ಲ, ಮಿಷನ್ನು."

ಶೋಭಾ ಸೆರಗು ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿದಳು. "ಹೋದ ತಿಂಗಳು ನಾನೇನು ಹೇಳ್ದೆ? ದಿನ ಇಡೀ ಮಿಷನ್ ನೋಡ್ಬೇಡಿ, ಕಣ್ಣು ಹಾಳಾಗುತ್ತೆ ಅಂದೆ. ಆಗ ನೀವೇನಂದ್ರಿ? 'ನಿನ್ನ ಫೋನಿನ ಹಂಗಲ್ಲ ಕಣೇ ಇದು, ಇದು ಪುಸ್ತಕ, ವಿದ್ಯೆ' ಅಂದ್ರಿ. ಅಂದ್ರೋ ಇಲ್ವೋ?"

ಅಂದಿದ್ದೆ. ಅವಳು ಮೂರು ಹೊತ್ತೂ ಫೋನಿನಲ್ಲಿ ಮುಳುಗಿರುತ್ತಾಳೆಂದು ನಾನು ಹೇಳುವ ಮಾತುಗಳನ್ನೆಲ್ಲ ಅವಳು ಮಣ್ಣಿನ ಹುಂಡಿಯಲ್ಲಿ ಕಾಸು ಹಾಕಿದ ಹಾಗೆ ಹಾಕಿಟ್ಟುಕೊಳ್ಳುತ್ತಾಳೆ, ಬೇಕಾದಾಗ ಒಡೆಯುತ್ತಾಳೆ. ನಾನೂ ಬಿಡಲಿಲ್ಲ. ಪುಸ್ತಕಕ್ಕೆ ಹಾಳೆ ಇರಬೇಕು, ಇದಕ್ಕೆಲ್ಲಿದೆ ಎಂದೆ. ಮಿಷನ್ ಅಂದರೆ ಸದ್ದು ಮಾಡಬೇಕು, ಇದೆಲ್ಲಿ ಮಾಡುತ್ತೆ ಎಂದಳು. ಮಂಜು ನಡುವೆ ಬಂದು, "ಇದರಲ್ಲಿ ಓದೋದು ಪುಸ್ತಕ, ಇದು ಮಿಷನ್, ಅಂದ್ರೆ ಎರಡೂ ಹೌದು" ಎಂದು ಶುರು ಮಾಡಿದ. ನಾವಿಬ್ಬರೂ ಒಟ್ಟಿಗೇ "ನೀನು ಸುಮ್ನಿರು", "ನೀವು ಸುಮ್ನಿರಿ" ಎಂದೆವು. ಅತ್ತೆ ಸೊಸೆ ಒಂದೇ ಮಾತಾಡಿದ್ದು ಆ ಹಬ್ಬದಲ್ಲಿ ಅದೊಂದೇ ಸಲ.

ಕೊನೆಗೆ ನಮ್ಮ ಮನೆಗೆ ಪೂಜೆಗೆ ಬರುವ ಭಟ್ಟರಿಗೆ ಫೋನ್ ಮಾಡಿದೆ. ಹಬ್ಬದ ದಿನ, ಅವರು ಯಾರದೋ ಮನೆಯಲ್ಲಿ ಗಂಟೆ ಆಡಿಸುತ್ತಲೇ ಮಾತಾಡಿದರು. ಸಂಗತಿ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು:

"ಅದಕ್ಕೆ ಕರೆಂಟ್ ಕೊಡ್ಬೇಕಾ ಅಮ್ಮಾ?"

"ಕೊಡ್ಬೇಕು. ರಾತ್ರಿಯೆಲ್ಲ ಕುಡಿಯುತ್ತೆ."

"ಕರೆಂಟ್ ಕುಡಿಯೋದೆಲ್ಲ ಆಯುಧ. ಮಹಾನವಮಿಗೆ ಇಡಿ." ಗಂಟೆ ಮತ್ತೆ ಶುರುವಾಯಿತು.

ಗೆದ್ದೆ! ಪಂಚಾಂಗದ ಕೆಳಗಿನಿಂದ ಸ್ಲೇಟನ್ನು ಎಳೆದುಕೊಂಡು ಕೋಣೆಗೆ ಹೋದೆ. ಅತ್ತ ಜನ್ನಾಪುರದಲ್ಲಿ ಅಕ್ಕನ ಪುಸ್ತಕವೂ ಪೂಜೆಗೆ ಕೂತಿರುತ್ತದೆ, ಇತ್ತ ನನ್ನದು ಓಡುತ್ತಿದೆ ಎಂದು ಎಣಿಸಿ ಎಣಿಸಿ ಖುಷಿಪಟ್ಟೆ. ಅವಳು ಕೊನೆಯ ಪುಟ ಓದಿಯಾಗಿರುತ್ತದೆ ಎಂಬುದು ಆ ಖುಷಿಯಲ್ಲಿ ಮರೆತೇ ಹೋಗಿತ್ತು. ಆದರೆ ಹಬ್ಬದ ಮನೆ, ನಾಲ್ಕು ಸಾಲು ಓದುವಷ್ಟರಲ್ಲಿ "ಅತ್ತೆ, ಹೂರಣಕ್ಕೆ ಬೆಲ್ಲ ನೋಡಿ" ಎಂಬ ಕರೆ. ನಾಲ್ಕು ಸಾಲಿಗೆ ಒಂದು ಪುಟವಾದ್ದರಿಂದ ಕಥೆ ಎತ್ತಿನ ಗಾಡಿಯ ಹಾಗೆ ಸಾಗಿತು. ಯಜಮಾನನ ತಮ್ಮನ ಮೇಲೆ ಅನುಮಾನ, ಎರಡನೇ ಹೆಂಡತಿಯ ಮೇಲೆ ಅನುಮಾನ, ದಿನಾ ಬಂದು ಸೂಜಿ ಚುಚ್ಚುತ್ತಿದ್ದ ಡಾಕ್ಟರ ಮೇಲೆ ಅನುಮಾನ, ಅಡುಗೆಯವಳಿಗಂತೂ ಮಾತೇ ಬರುವುದಿಲ್ಲ. ಇನ್‌ಸ್ಪೆಕ್ಟರು ಎಲ್ಲರನ್ನೂ ಹಜಾರಕ್ಕೆ ಕರೆದು ಬಾಗಿಲು ಹಾಕಿಸಿದ. ಕೊನೆಯ ಅಧ್ಯಾಯ ಶುರುವಾಗಬೇಕು, ಅಷ್ಟರಲ್ಲಿ ಮಹಾನವಮಿ ಬೆಳಗಾಯಿತು. ಎದ್ದು ನೋಡಿದರೆ ಸ್ಲೇಟನ್ನು ಒರೆಸಿ, ಹಜಾರದಲ್ಲಿ ಮಿಕ್ಸಿಗೂ ಇಸ್ತ್ರಿ ಪೆಟ್ಟಿಗೆಗೂ ನಡುವೆ ಇಟ್ಟಾಗಿತ್ತು. "ಭಟ್ಟರೇ ಹೇಳಿದ್ರಲ್ಲ ಅತ್ತೆ, ಆಯುಧ ಅಂತ" ಎಂದಳು ಶೋಭಾ, ತುಂಬಾ ಭಕ್ತಿಯಿಂದ.

ಅದೇ ಹೊತ್ತಿಗೆ ಗೇಟಿನಲ್ಲಿ ಅಕ್ಕನ ಧ್ವನಿ ಕೇಳಿತು.

ಆಯುಧಪೂಜೆಯ ಮನೆ ಹೇಗಿರುತ್ತದೆಂದು ನಿಮಗೆ ಗೊತ್ತು. ವೈರು ಇರುವುದಕ್ಕೆಲ್ಲ ಅವತ್ತು ರಜೆ. ಮಿಕ್ಸಿ ಇಲ್ಲ, ಗ್ರೈಂಡರ್ ಇಲ್ಲ, ಬಟ್ಟೆ ಒಗೆಯುವ ಮಿಷನ್ ಇಲ್ಲ, ಟಿವಿಯ ನೆತ್ತಿಯ ಮೇಲೆ ಸೇವಂತಿಗೆ. ಬೇರೆ ದಿನವಾಗಿದ್ದರೆ ಅಕ್ಕ ಬಾಯಿ ತೆರೆದಾಗಲೆಲ್ಲ ನಾನು ಒಂದು ಗುಂಡಿ ಒತ್ತಿ ಬಚಾವಾಗುತ್ತಿದ್ದೆ. ಅವತ್ತು ಮನೆ ಎಷ್ಟು ನಿಶ್ಶಬ್ದವೆಂದರೆ ಅಕ್ಕ ಅಂಗಳದಲ್ಲಿ ನಿಟ್ಟುಸಿರು ಬಿಟ್ಟದ್ದು ಹಿತ್ತಿಲಿಗೆ ಕೇಳಿತು. ಅವಳು ಅಡುಗೆಮನೆಗೆ ಬಂದಳು, ನಾನು ದೇವರ ಮನೆಗೆ ಹೋದೆ. ಅವಳು ದೇವರ ಮನೆಗೆ ಬಂದಳು, ನಾನು ಗಂಟೆ ಬಾರಿಸಿದೆ. "ಪೂಜೆ ಇನ್ನೂ ಶುರುವೇ ಆಗಿಲ್ವಲ್ಲೇ?" ಎಂದಳು. ಇನ್ನೊಮ್ಮೆ ಬಾರಿಸಿದೆ. ಕೊನೆಗೆ ಹಿತ್ತಿಲಿನಲ್ಲಿ ಬಾಳೆ ಎಲೆ ಕೊಯ್ಯುವಾಗ ಸಿಕ್ಕಿಹಾಕಿಕೊಂಡೆ.

"ಸಾವಿತ್ರಿ, ಆ ಪುಸ್ತಕ..."

"ಹೇಳ್ಬೇಡ ಅಕ್ಕ! ನಿನ್ನ ದಮ್ಮಯ್ಯ. ಇದೊಂದು ಸಲ. ನಾನೂ ಅದನ್ನೇ ಓದ್ತಿದೀನಿ, ಕೊನೇದೊಂದೇ ಬಾಕಿ."

ಅಕ್ಕ ನನ್ನನ್ನೇ ನೋಡಿದಳು. ಅವಳ ಮುಖದಲ್ಲಿ ಕೊಲೆಗಾರ ಯಾರೆಂದು ಗೊತ್ತಿರುವ ಎಂದಿನ ಆ ಕಳೆ ಇರಲಿಲ್ಲ. "ನಂಗೆಲ್ಲಿ ಗೊತ್ತು ಹೇಳಕ್ಕೆ? ಕೊನೇ ಹಾಳೆಗಳೇ ಇಲ್ಲ ಕಣೇ. ಯಾವಳೋ ಹರ್ಕೊಂಡು ಹೋಗಿದಾಳೆ, ಅವಳ ಕೈ ಸೇದಿಹೋಗ. ಮೊದಲ್ನೇ ಪುಟದಿಂದ ಓದ್ಕೊಂಡು ಬಂದೆ. ಯಾರ ಮೇಲೆ ನಂಬಿಕೆ ಇಡೋದು ಅಂತಾನೇ ಗೊತ್ತಾಗ್ತಿಲ್ಲ. ನಿದ್ದೆ ಇಲ್ಲ, ಊಟ ರುಚಿಸಲ್ಲ. ಇದೇ ಬೇಕು ಅಂತ ಇಷ್ಟು ವರ್ಷ ಕೈಮುಗೀತಿದ್ಯಲ್ಲೇ ನೀನು?" ಎಂದವಳೇ ಧ್ವನಿ ತಗ್ಗಿಸಿ, "ನಿನ್ನ ಆ ಮಿಷನ್‌ನಲ್ಲಿ ಕೊನೇ ಹಾಳೆ ಇದ್ಯಂತಾ?" ಎಂದಳು.

ಇದ್ಯಂತಾ! ಕಾಗದವನ್ನು ಹರಿದುಕೊಂಡು ಹೋಗಬಹುದು, ಸ್ಲೇಟಿನಿಂದ ಯಾವಳು ಏನು ಹರಿಯುತ್ತಾಳೆ? ನನಗೆ ಒಮ್ಮೆಗೇ ಹಿರಿಯಕ್ಕನಾದ ಹಾಗಾಯಿತು. "ಪೂಜೆಗೆ ಇಟ್ಟಾಗಿದೆ. ನಾಳೆ ಕದಲಿಸಿದ ಮೇಲೆ ಮೊದಲು ನಾನು ಓದ್ತೀನಿ, ಆಮೇಲೆ ನಿಂಗೆ ಕೊಡ್ತೀನಿ" ಎಂದೆ. ನಾನು ಹೇಳಿದ ರೀತಿ ನನಗೇ ಬಹಳ ಹಿಡಿಸಿತು.

ಪೂಜೆ ಶುರುವಾಯಿತು. ಸ್ಲೇಟು ಕಣ್ಣು ಮುಚ್ಚಿಕೊಂಡಿದ್ದನ್ನು ನೋಡಿ ಮಂಜು, "ಮಲಗಿರೋದಕ್ಕೆ ಪೂಜೆ ಮಾಡಬಾರ್ದು" ಎಂದು ಗುಂಡಿ ಒತ್ತಿ ಎಬ್ಬಿಸಿದ. ಕೊನೆಯ ಅಧ್ಯಾಯದ ತಲೆಬರಹ ಎದ್ದು ನಿಂತಿತು. ಶೋಭಾ ಅರಿಸಿನ ಇಟ್ಟಳು, ಬಲಗಡೆ. ಪುಟ ತಿರುಗಿತು. ಕುಂಕುಮ ಇಟ್ಟಳು, ಇನ್ನೊಂದು ಪುಟ ತಿರುಗಿತು. ಹಿರಿಯಳೆಂದು ಅಕ್ಕ ಗಂಧ ಇಟ್ಟಳು, ಮತ್ತೊಂದು. ನಾನೂ ಇಡದಿದ್ದರೆ ತಪ್ಪಾಗುತ್ತದಲ್ಲ, ಇಟ್ಟೆ. ಮಂಜು ಹೂವಿನಲ್ಲಿ ನೀರು ಅದ್ದಿ ಎಲ್ಲದರ ಮೇಲೂ ಧಾರಾಳವಾಗಿ ಚಿಮುಕಿಸಿದ. ಒಂದೊಂದು ಹನಿಯೂ ಒಂದೊಂದು ಬೆರಳಿನ ಕೆಲಸ ಮಾಡಿತು. ಇನ್‌ಸ್ಪೆಕ್ಟರು ನಾನು ಓದುತ್ತಿದ್ದುದಕ್ಕಿಂತ ವೇಗವಾಗಿ ವಿಚಾರಣೆ ಮುಗಿಸುತ್ತಿದ್ದ. ಮಂಗಳಾರತಿಯಾಯಿತು. ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದರು. ನಾನೂ ಮುಚ್ಚಿದೆ. ಆಮೇಲೆ ತೆರೆದೆ. ಕರ್ಪೂರದ ಬೆಳಕಿನಲ್ಲಿ, ಕುಂಕುಮದ ನಡುವೆ, ಹೆಬ್ಬೆರಳ ಗಾತ್ರದ ಅಕ್ಷರಗಳು: "ಕೊಲೆ ಮಾಡಿದವರು ನೀವೇ ಡಾಕ್ಟರ್!" ಎಂದು ಇನ್‌ಸ್ಪೆಕ್ಟರ್ ಬೆರಳು ತೋರಿಸಿದ.

ನಾನು ಓದಲಿಲ್ಲ, ಕಂಡಿತು. ಮಂಗಳಾರತಿಯ ಹೊತ್ತಿಗೆ ಕಾಣುವುದು ದರ್ಶನ, ಓದಲ್ಲ. ಏನೇ ಇರಲಿ, ಅಕ್ಕನಿಗಿಂತ ಮೊದಲು, ಯಾರೂ ಹೇಳದೆ, ಕೊಲೆಗಾರ ನನಗೆ ಸಿಕ್ಕಿದ್ದ.

ಊಟ ಶುರುವಾದಾಗ ಅಕ್ಕ ನನ್ನ ಮುಖ ನೋಡಿಯೇ ಹಿಡಿದಳು. "ನಿಂಗೆ ಗೊತ್ತಾಗಿದೆ. ಹೇಳ್ಬೇಡ! ನಾಳೆ ನಾನೇ ಓದ್ತೀನಿ" ಎಂದು ಎಡಗೈಯಿಂದ ಒಂದು ಕಿವಿ ಮುಚ್ಚಿಕೊಂಡಳು. ಬಲಗೈ ಎಂಜಲಾಗಿತ್ತು. ನಾನು ಹೇಳುವವಳೇ ಅಲ್ಲ ಎಂದುಕೊಂಡೆ. ಹೇಳಿಸಿಕೊಂಡ ಕಷ್ಟ ಏನೆಂದು ನನಗಿಂತ ಬೇರೆ ಯಾರಿಗೆ ಗೊತ್ತು? ಕೋಸಂಬರಿ ಇನ್ನೊಮ್ಮೆ ಬಡಿಸಿದೆ, ತುಟಿ ಬಿಗಿಹಿಡಿದೆ. ಪಲ್ಯ ಬಡಿಸಿದೆ. ಹೊಟ್ಟೆಯೊಳಗೆ ಆ ಡಾಕ್ಟರು ಎದ್ದು ಓಡಾಡುತ್ತಿದ್ದ. ಹೋಳಿಗೆಯ ತಟ್ಟೆ ಹಿಡಿದು ಅಕ್ಕನ ಎದುರು ಬಗ್ಗಿದವಳು, "ಇನ್ನೊಂದು ಹಾಕ್ಲಾ ಅಕ್ಕ, ಡಾಕ್ಟ್ರೇ ಕೊಂದಿದ್ದು" ಎಂದೆ.

ಅಕ್ಕನ ಮುಖ ಇಳಿಯಿತು ನೋಡಿ! ಉಬ್ಬಿದ ಪೂರಿಗೆ ಬೆರಳು ತಾಗಿಸಿದ ಹಾಗೆ. ಕೊಲೆಗಾರ ಯಾರೆಂದು ತಿಳಿದಾಗಲೂ ನನಗೆ ಅಷ್ಟು ಸುಖವಾಗಿರಲಿಲ್ಲ. ಅಕ್ಕ ಇಷ್ಟು ವರ್ಷ ಯಾವ ಆಸೆಗೆ ಪುಸ್ತಕ ಹೊತ್ತುಕೊಂಡು ಬಸ್ಸಿನಲ್ಲಿ ಬರುತ್ತಿದ್ದಳೆಂಬುದು ಆಗ ಅರ್ಥವಾಯಿತು.

ಮರುದಿನ ಪೂಜೆ ಕದಲಿಸಿದ ಮೇಲೆ ಸ್ಲೇಟನ್ನು ಒರೆಸಿ ಅವಳಿಗೇ ಮೊದಲು ಕೊಟ್ಟೆ. ನನಗಿನ್ನೇನು ಓದುವುದಿದೆ? ದೊಡ್ಡ ಮನಸ್ಸು ಮಾಡುವುದು ಅಂಥ ಹೊತ್ತಿನಲ್ಲಿ ಬಹಳ ಸುಲಭ. ಅಕ್ಕ ಕಿಟಕಿಯ ಹತ್ತಿರ ಕೂತು ಓದಿದಳು. ನಡುವೆ ಒಮ್ಮೆ "ಆ!" ಎಂದಳು. ಮುಗಿಸಿ, ಸ್ಲೇಟನ್ನು ನನ್ನ ಕೈಗಿಟ್ಟು, "ಹೌದು ಕಣೇ, ನೀನು ಹೇಳ್ದಂಗೇ" ಎಂದು ಬಸ್ಸಿಗೆ ಹೊರಟಳು. ಹೋಗುವಾಗ ಇಷ್ಟು ಚೆನ್ನಾಗಿ ನಗುತ್ತ ಅವಳು ನಮ್ಮ ಮನೆಯಿಂದ ಯಾವತ್ತೂ ಹೋದವಳಲ್ಲ. ಹೋಳಿಗೆ ಚೆನ್ನಾಗಿತ್ತು ಎಂದುಕೊಂಡೆ.

ಎರಡು ದಿನದ ಮೇಲೆ ಫೋನ್ ಬಂತು. "ಏನೇ, ಕೊನೇ ಪುಟ ಓದಿದ್ಯಾ?"

"ಯಾಕೆ ಓದ್ಲಿ? ಡಾಕ್ಟ್ರು ಅಂತ ಗೊತ್ತಲ್ಲ."

"ಹೌದೌದು, ಡಾಕ್ಟ್ರು. ಪಾಪ, ಆ ಇನ್‌ಸ್ಪೆಕ್ಟ್ರೂ ಹಂಗೇ ಅಂದ್ಕೊಂಡಿದ್ದ. ಆಮೇಲೆ ಎರಡು ಪುಟ ಬಿಟ್ಟು ಆ ಬೀಗದ ಕೈ ಸಿಕ್ತಲ್ಲ..." ಎಂದು ಅಲ್ಲಿಗೇ ನಿಲ್ಲಿಸಿದಳು. ಆ ಕಡೆಯಿಂದ ಎಲೆ ಅಡಿಕೆ ಜಗಿಯುವ ಸದ್ದು ಮಾತ್ರ ಬರುತ್ತಿತ್ತು.

ಓಡಿಹೋಗಿ ಸ್ಲೇಟು ಎತ್ತಿಕೊಂಡೆ. ಗುಂಡಿ ಒತ್ತಿದೆ, ಏಳಲಿಲ್ಲ. ಕರೆಂಟಿಗೆ ಹಾಕಲು ನೋಡಿದರೆ ವೈರು ಒಳಗೇ ಹೋಗುವುದಿಲ್ಲ. ಕರೆಂಟ್ ಕುಡಿಯುವ ತೂತಿನ ತುಂಬ ಕುಂಕುಮ, ಗಂಧ, ಹೂವಿನ ನೀರು ಸೇರಿ ಗಾರೆಯ ಹಾಗೆ ಗಟ್ಟಿಯಾಗಿತ್ತು. ರಿಪೇರಿಯವನು ಬಿಚ್ಚಿ ನೋಡಿ, "ಏನಮ್ಮಾ ಇದು, ಮದುವೆ ಮಾಡಿದ್ರಾ ಇದಕ್ಕೆ?" ಎಂದು ಕೇಳಿ ಇಟ್ಟುಕೊಂಡಿದ್ದಾನೆ. ಇವತ್ತು ಬಾ, ನಾಳೆ ಬಾ ಎನ್ನುತ್ತಿದ್ದಾನೆ. ಶೋಭಾಳ ಫೋನಿನಲ್ಲೂ ಅದೇ ಪುಸ್ತಕ ಬರುತ್ತದಂತೆ, ಮಂಜು ಹೇಳಿದ. ಆದರೆ "ಶೋಭಾ, ನಿನ್ನ ಫೋನ್ ಸ್ವಲ್ಪ ಕೊಡ್ತೀಯಾ" ಎಂದು ನಾನು ಕೇಳಿದರೆ ಅವಳು ಹುಂಡಿ ಒಡೆಯದೆ ಬಿಡುತ್ತಾಳೆಯೇ? ಅದಕ್ಕಿಂತ ಆ ಯಜಮಾನ ತಾನೇ ಸತ್ತ ಎಂದುಕೊಳ್ಳುವುದು ಮೇಲು.

ಎಂದುಕೊಳ್ಳಲು ಆಗುವುದಿಲ್ಲವಲ್ಲ, ಅದೇ ಕಷ್ಟ. ತಮ್ಮನೋ, ಹೆಂಡತಿಯೋ, ಆ ಮೂಗಿಯೋ ಎಂದು ಎಣಿಸುತ್ತ ನಿನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಕೊನೆಗೆ ತಡೆಯಲಾರದೆ ನಾನೇ ಜನ್ನಾಪುರಕ್ಕೆ ಫೋನ್ ಮಾಡಿದೆ. ಹೇಳಬೇಡ ಹೇಳಬೇಡ ಎಂದು ಜೀವಮಾನವಿಡೀ ಗೋಗರೆದ ಈ ಬಾಯಿಂದಲೇ, "ಹೇಳೇ ಅಕ್ಕ, ನಿನ್ನ ದಮ್ಮಯ್ಯ, ಹೇಳಿಬಿಡೇ ಮಾರಾಯ್ತಿ, ಯಾರು ಕೊಂದಿದ್ದು?" ಎಂದು ಬೇಡಿದೆ.

"ಅದಾ? ಅದು ಯಾರು ಗೊತ್ತಾ..." ಎಂದು ಅಕ್ಕ ಎಳೆದಳು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಕುಕ್ಕರ್ ಕೂಗ್ತಿದೆ ಕಣೇ, ಇಡ್ತೀನಿ."